ಸಾರಜನಕ ಜಾಸ್ತಿ ಇರುವ ನಕ್ಷತ್ರಗಳ ಬೆನ್ನು ಹತ್ತಿ

ಆಸ್ಟ್ರೇಲಿಯಾದ ಸೈಡಿಂಗ್ ಸ್ಪ್ರಿಂಗ್ ಬೆಟ್ಟಕ್ಕೆ ಸಂಜೆ ಹೊತ್ತು ಹೋಗುವಾಗ ಕಾರು ನಿಧಾನಕ್ಕೆ ಓಡಿಸಬೇಕು. ಕಾಂಗರೂಗಳು ದಿಢೀರನೆ ರಸ್ತೆಗೆ ನುಗ್ಗುತ್ತವೆ. ಬೆಟ್ಟದ ಮೇಲಿದೆ 3.9 ಮೀಟರಿನ ಆಂಗ್ಲೋ-ಆಸ್ಟ್ರೇಲಿಯನ್ ಟೆಲಿಸ್ಕೋಪ್. ಅದಕ್ಕೆ ಯಾರೂ ಕಣ್ಣು ಹಚ್ಚಿ ನೋಡುವುದಿಲ್ಲ, ಎಲ್ಲ ಕೆಲಸ ಕಂಪ್ಯೂಟರ್ ಮುಂದೆಯೇ.

ನನಗೆ ಇಷ್ಟವಾಗಿದ್ದು ಅಲ್ಲಿನ ರೋಬೋಟ್. ಪುಟ್ಟ ಅಯಸ್ಕಾಂತದ ಗುಂಡಿಗಳನ್ನು ಒಂದೊಂದಾಗಿ ಎತ್ತಿ ಲೋಹದ ತಟ್ಟೆಯ ಮೇಲೆ ಕೂರಿಸುತ್ತದೆ. ಗುಂಡಿಗೊಂದು ಫೈಬರ್ (ನಕ್ಷತ್ರದ ಬೆಳಕನ್ನು ವರ್ಣಪಟಲವಾಗಿ ಬಿಡಿಸುವ ಯಂತ್ರಕ್ಕೆ ಒಯ್ಯುವ ಗಾಜಿನ ಎಳೆ), ಫೈಬರಿಗೊಂದು ನಕ್ಷತ್ರ. ತಟ್ಟೆಗೆ ಸುಮಾರು 400. ಒಂದು ತಟ್ಟೆ ಆಕಾಶ ನೋಡುತ್ತಿರುವಾಗಲೇ ಇನ್ನೊಂದು ತಯಾರಾಗುತ್ತಿರುತ್ತದೆ. ಸುಮ್ನೆ ನೋಡುತ್ತಾ ಕೂತರೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ!

ಹಾಲುಹಾದಿಯನ್ನು ಸುತ್ತುವರಿದಿರುವ ಹೇಲೋದಲ್ಲಿ ಹಳೆಯ ನಕ್ಷತ್ರಗಳೇ ಜಾಸ್ತಿ. ಅವುಗಳಲ್ಲಿ ಕೆಲವು ವಿಚಿತ್ರ: ಸಾರಜನಕ ವಿಪರೀತ, ಇಂಗಾಲ ಕಡಿಮೆ. ವರ್ಣಪಟಲದ ನೀಲಿ ತುದಿಯಲ್ಲಿ, 3883 ಆಂಗ್‌ಸ್ಟ್ರಾಂ (ಬೆಳಕಿನ ತರಂಗದ ಉದ್ದ ಅಳೆಯುವ ಮಾನ) ಹತ್ತಿರ, ಸೈನೋಜನ್ (ಇಂಗಾಲ-ಸಾರಜನಕ ಅಣು) ಬೆಳಕು ಹೀರಿದ ಪಟ್ಟಿ ಆಳವಾಗಿ ಕಾಣುತ್ತದೆ. 4300ರ ಹತ್ತಿರ ಇಂಗಾಲ-ಹೈಡ್ರೋಜನ್ ಪಟ್ಟಿ ಪೇಲವ.

ಇಂಥ ನಕ್ಷತ್ರಗಳು ಗೋಳಾಕಾರದ ಗುಚ್ಛಗಳಲ್ಲಿ, ಅಂದರೆ ಒತ್ತೊತ್ತಾಗಿ ಚೆಂಡಿನಂತೆ ಗುಂಪುಗೂಡಿದ ಹಳೆಯ ನಕ್ಷತ್ರಗಳ ನಡುವೆ, ಮಾಮೂಲಿ, ಹೊರಗೆ ಅಪರೂಪ. ಹಾಗಾಗಿ ಇವು ಗುಚ್ಛಗಳಿಂದ ಸೋರಿ ಬಂದವು ಅನ್ನುವುದು ಮೊದಲ ಅನುಮಾನ. 2010ರಲ್ಲಿ ಸ್ಲೋನ್ ಸರ್ವೆ ಎಂಬ ದೊಡ್ಡ ಆಕಾಶ ಸಮೀಕ್ಷೆಯ ಸುಮಾರು 2,000 ಹೇಲೋ ದೈತ್ಯ ನಕ್ಷತ್ರಗಳನ್ನು (ವಯಸ್ಸಾಗಿ ಉಬ್ಬಿದವು) ಜಾಲಾಡಿದಾಗ 49 ಸಿಕ್ಕಿದ್ದವು. ಕಡಿಮೆ ಅನ್ನಿಸಬಹುದು. ಆದರೆ ಗುಚ್ಛಗಳಲ್ಲಿ ಸಾಧಾರಣ ನಕ್ಷತ್ರಗಳೂ ಇರುತ್ತವೆ ಅಲ್ವಾ? ಅವು ಸೋರಿ ಬಂದರೆ ಗುರುತು ಹಿಡಿಯುವುದು ಹೇಗೆ? ಕಣ್ಣಿಗೆ ಬಿದ್ದದ್ದಕ್ಕಿಂತ ಜಾಸ್ತಿ ಬಂದಿರಲೇಬೇಕು.

ಆದರೂ ಸಾರಜನಕ ಒಂದನ್ನೇ ನಂಬಿ ತೀರ್ಪು ಕೊಡುವುದು ನನಗೆ ಒಪ್ಪಿಗೆಯಿಲ್ಲ. ದೈತ್ಯ ನಕ್ಷತ್ರ ತನ್ನ ಒಡಲಿನಿಂದಲೇ ಸಾರಜನಕವನ್ನು ಮೇಲಕ್ಕೆ ಕಲಕಿ ತರುತ್ತದೆ. ಜೊತೆಗಾರ ನಕ್ಷತ್ರವೊಂದು ಸಾಯುವ ಮುಂಚೆ ಇದರ ಮೇಲೆ ಸುರಿದಿರಲೂಬಹುದು. ಅದಕ್ಕೇ ಸೋಡಿಯಂ, ಅಲ್ಯೂಮಿನಿಯಂ ಕೂಡ ಅಳೆಯಬೇಕು; ಗುಚ್ಛದಿಂದ ಬಂದಿದ್ದರೆ ಅವೂ ಜಾಸ್ತಿ ಇರಬೇಕು. ಬೇರೆ ಬೇರೆ ತಿಂಗಳಲ್ಲಿ ವೇಗ ನೋಡಬೇಕು. ವೇಗ ಏರಿಳಿದರೆ ಜೊತೆಗಾರ ಇದ್ದಾನೆ ಅಂತ ಅರ್ಥ.

ಇದೆಲ್ಲ ದಾಟಿದ ಮೇಲೆ ನಕ್ಷತ್ರಗಳ ಸ್ಥಾನ, ಚಲನೆ ಅಳೆದ ಗಾಯಾ ಉಪಗ್ರಹದ ಅಳತೆಗಳನ್ನು ಹಿಡಿದು, ನಕ್ಷತ್ರ ಎಲ್ಲಿಂದ ಬಂತೆಂದು ತಿಳಿಯಲು ಕಂಪ್ಯೂಟರಿನಲ್ಲಿ ಕಕ್ಷೆಯನ್ನು ಹಿಂದಕ್ಕೆ ಓಡಿಸುತ್ತೇವೆ. ಕೆಲವೊಮ್ಮೆ ಅದೃಷ್ಟ ಕೈಹಿಡಿಯುತ್ತದೆ. 2019ರಲ್ಲಿ ಫಿಂಬುಲ್ತುಲ್ ಎಂಬ ನಕ್ಷತ್ರ ಧಾರೆ (ಒಟ್ಟಿಗೆ ಸಾಗುವ ನಕ್ಷತ್ರಗಳ ಉದ್ದನೆಯ ಸಾಲು) ಒಮೇಗಾ ಸೆಂಟಾರಿ ಗುಚ್ಛದ್ದೇ ಬಾಲ ಎಂದು ಹೀಗೆ ತಿಳಿಯಿತು. ಎಷ್ಟೋ ನಕ್ಷತ್ರಗಳಿಗೆ ಆ ಭಾಗ್ಯವಿಲ್ಲ. ತವರು ಗುಚ್ಛವೇ ಪೂರ್ತಿ ಚದುರಿಹೋಗಿದ್ದರೆ ಕಕ್ಷೆ ಯಾವುದಕ್ಕೂ ತಾಳೆಯಾಗುವುದಿಲ್ಲ.