ಚೂರಿಯ ತುದಿಯ ಕೆಂಪು

ಕರಿಮೆಣಸಿನ ಬಳ್ಳಿಗೆ ಬೋರ್ಡೋ, ಅಂದರೆ ಕೊಳೆರೋಗ ತಡೆಯುವ ದ್ರಾವಣ, ಹೊಡೆಯುವ ಕೆಲಸ ಇವತ್ತು ಶುರುವಾಯಿತು. ಮಳೆ ಹಿಡಿಯುವ ಮೊದಲೇ ಮುಗಿಸಬೇಕು. 1 ಕೆಜಿ ಮೈಲುತುತ್ತ (ತಾಮ್ರದ ನೀಲಿ ಲವಣ), 1 ಕೆಜಿ ಸುಣ್ಣ, 100 ಲೀಟರ್ ನೀರು. ಕಲಸಿದ ಮೇಲೆ ಅಪ್ಪ ಉಜ್ಜಿ ಹೊಳಪು ಬರಿಸಿದ ಕಬ್ಬಿಣದ ಚೂರಿಯನ್ನು ಅದ್ದಿ ನೋಡುತ್ತಾರೆ. ತುದಿ ಕೆಂಪಾದರೆ ತಾಮ್ರ ಇನ್ನೂ ಬಿಡಿಯಾಗಿದೆ, ಸುಣ್ಣ ಸಾಲದು ಅಂತ ಅರ್ಥ. ಇವತ್ತು ಮೊದಲ ಸಲ ತೆಳುವಾಗಿ ಕೆಂಪು ಬಂತು. ಇನ್ನೊಂದು ಹಿಡಿ ಸುಣ್ಣ ಹಾಕಿದರು.

ಸಂಜೆ ಡ್ರಮ್ ತೊಳೆದ ನೀಲಿ ನೀರು ತೋಡಿನ ಕಡೆ ಹರಿಯಿತು. ನಮ್ಮ ತೋಡು ಕೊನೆಗೆ ಸೇರುವುದು ಕಾವೇರಿಯನ್ನೇ ಅಲ್ವಾ? ಸುಮ್ನೆ ನೋಡುತ್ತಾ ನಿಂತೆ. ಹತ್ತು ಹೆಜ್ಜೆಯೊಳಗೆ ಬಣ್ಣ ಮಾಯ. ತಾಮ್ರ ಮಾತ್ರ ಎಲ್ಲೂ ಹೋಗಿರುವುದಿಲ್ಲ. ಅಷ್ಟು ತೆಳುವಾದ ಮೇಲೆ ಚೂರಿಗೂ ಸಿಗುವುದಿಲ್ಲ.

ಆಗ ನೆನಪಾದದ್ದು ಹೊಳೆಯುವ ಪ್ರೋಟೀನ್‌ಗಳು. ಜಪಾನಿನ ವಿಜ್ಞಾನಿ ಒಸಾಮು ಶಿಮೊಮುರಾ 1962ರಲ್ಲಿ ಜೆಲ್ಲಿ ಮೀನಿನಿಂದ ಹಸಿರಾಗಿ ಹೊಳೆಯುವ ಪ್ರೋಟೀನ್ ಬೇರ್ಪಡಿಸಿದರು. 2008ರಲ್ಲಿ ಇನ್ನಿಬ್ಬರ ಜೊತೆ ನೊಬೆಲ್ ಬಂತು. ನನಗೆ ಅದಕ್ಕಿಂತ ಜಾಸ್ತಿ ಇಷ್ಟ ಡಿಎಸ್‌ರೆಡ್, ಹವಳದ ಬಳಗದ ಜೀವಿಯ ಕೆಂಪು ಪ್ರೋಟೀನ್. ಅದರ ಮೇಲೆ ಹಸಿರು ಬೆಳಕು ಬಿಟ್ಟರೆ ಕೆಂಪಗೆ ಹೊಳೆಯುತ್ತದೆ. ತಾಮ್ರದ ಅಯಾನು ಬಂದು ಅಂಟಿದರೆ ಮಂಕಾಗುತ್ತದೆ. ಎಷ್ಟು ಮಂಕಾಯಿತು ಅಂತ ಅಳೆದರೆ ತಾಮ್ರದ ಲೆಕ್ಕ ಸಿಗುತ್ತದೆ. ಇಡಿಟಿಎ ಎಂಬ, ಲೋಹವನ್ನು ಹಿಡಿದುಕೊಳ್ಳುವ ರಾಸಾಯನಿಕ ಹಾಕಿ ತಾಮ್ರವನ್ನು ಎಳೆದುಕೊಂಡರೆ ಮತ್ತೆ ಹೊಳೆಯುತ್ತದೆ! ಎಷ್ಟು ಚೆಂದದ ಕೆಲಸ ಅದು. ಆ ಪ್ರೋಟೀನ್ ಹಚ್ಚಿದ ಪರೀಕ್ಷೆಯ ಪಟ್ಟಿಯೊಂದನ್ನು ನಮ್ಮ ತೋಡಿನ ದಡದಲ್ಲಿ ಅದ್ದುವಂತಿದ್ದರೆ ಅಂತ ನಿಜವಾಗಿ ಆಸೆಯಾಯಿತು.

ಅಪ್ಪನಿಗೆ ಹೇಳಿದೆ. ನಾಳೆಯಿಂದ ತೊಳೆದ ನೀರನ್ನು ತೋಡಿಗೆ ಬಿಡದೆ, ಮುಂದಿನ ಡ್ರಮ್ಮಿಗೇ ಸುರಿಯುತ್ತೇವೆ.