ಆರಂಭಿಕ ಟೆಲಿವಿಷನ್ ಗೊಂಬೆಗಳು: ಆಡಿಸುವವರು ಎಲ್ಲಿ ನಿಂತಿದ್ದರು? (ಕೆಲಸದ ಪ್ರಗತಿ)

ಮಕ್ಕಳ ಟೆಲಿವಿಷನ್‌ನ ಮೊದಲ ತಲೆಮಾರಿನ ಗೊಂಬೆ ಪಾತ್ರಗಳನ್ನು ಕುರಿತು ಹವ್ಯಾಸಕ್ಕೆಂದು ಕೈಗೆತ್ತಿಕೊಂಡ ಕೆಲಸ ಈಗ ಒಂದು ಹದಕ್ಕೆ ಬಂದಿದೆ. ಪಾತ್ರಗಳ ಹೆಸರು, ಇಸವಿಗಳನ್ನು ಕಲೆಹಾಕುವುದರಲ್ಲೇ ಉಳಿಯದೆ ನಾನು ಹಿಡಿದುಕೊಂಡಿರುವ ಪ್ರಶ್ನೆ ಒಂದೇ: ಗೊಂಬೆಯನ್ನು ಆಡಿಸುವವರು ಎಲ್ಲಿ ನಿಂತಿದ್ದರು? ರಂಗದ ಗೊಂಬೆಯಾಟದಲ್ಲಿ ಪರದೆ ಮತ್ತು ಅಟ್ಟಗಳು ಇದಕ್ಕೆ ಉತ್ತರ ಕೊಟ್ಟು ಬಹಳ ಕಾಲವಾಗಿದೆ. ಸ್ಟುಡಿಯೊದಲ್ಲಾದರೋ ಕ್ಯಾಮೆರಾ ಗೊಂಬೆಯ ಮುಖದ ಹತ್ತಿರಕ್ಕೇ ಬರುತ್ತದೆ, ಅದರೊಂದಿಗೆ ಮಾತನಾಡುವ ಮನುಷ್ಯರೂ ಅದೇ ದೃಶ್ಯದಲ್ಲಿ ಇರಬೇಕಾಗುತ್ತದೆ. 1946ರಿಂದ 1960ರವರೆಗಿನ ಕಾರ್ಯಕ್ರಮಗಳು ಈ ತೊಡಕನ್ನು ಬಿಡಿಸಿದ ಬಗೆಗಳನ್ನು ಓದಿಕೊಂಡು, ಪ್ರತಿಯೊಂದಕ್ಕೂ ಸರಳ ಮಾದರಿಯೊಂದನ್ನು ಕಟ್ಟಿ, ಫೋನಿನ ಕ್ಯಾಮೆರಾದ ಮುಂದೆ ಆಡಿಸಿ ನೋಡುತ್ತಿದ್ದೇನೆ.

ಮೊದಲ ಮಾದರಿ, ಅಂದರೆ ಪಿಯಾನೊ ವೇದಿಕೆ, ಮುಗಿದಿದೆ. ಇದು ಬಿಬಿಸಿಯ ‘ಮಫಿನ್ ದ ಮ್ಯೂಲ್’ ಎಂಬ ಹೇಸರಗತ್ತೆಯದು. ಫ್ರೆಡ್ ಟಿಕ್ನರ್ 1933ರಲ್ಲಿ ಜಾನ್ ಬಸ್ಸೆಲ್ ಮತ್ತು ಆನ್ ಹೊಗಾರ್ತ್ ದಂಪತಿಯ ಗೊಂಬೆ ತಂಡಕ್ಕಾಗಿ ಕೆತ್ತಿಕೊಟ್ಟಿದ್ದ ಈ ಸೂತ್ರದ ಗೊಂಬೆ, ಯುದ್ಧದ ಕಾರಣ ನಿಂತಿದ್ದ ಬ್ರಿಟಿಷ್ ಟೆಲಿವಿಷನ್ ಮತ್ತೆ ಆರಂಭವಾದ 1946ರಲ್ಲೇ ‘ಫಾರ್ ದ ಚಿಲ್ಡ್ರನ್’ ಕಾರ್ಯಕ್ರಮದಲ್ಲಿ ಕಾಣಿಸಿಕೊಂಡಿತು. ಅನೆಟ್ ಮಿಲ್ಸ್ ಪಿಯಾನೊ ನುಡಿಸುತ್ತ ಹಾಡುತ್ತಿದ್ದರು, ಮಫಿನ್ ಪಿಯಾನೊದ ಮೇಲೆಯೇ ಕುಣಿಯುತ್ತಿತ್ತು, ಹೊಗಾರ್ತ್ ಅದರ ಹಿಂದೆ ಮರೆಯಲ್ಲಿ ನಿಂತು ದಾರ ಎಳೆಯುತ್ತಿದ್ದರು. ಚಿತ್ರಗಳಲ್ಲಿ ನೋಡಿದಾಗ ಇದು ಸುಮ್ಮನೆ ಮುದ್ದಾದ ಏರ್ಪಾಡು ಎನಿಸುತ್ತದೆ. ಅದೇ ಎತ್ತರಕ್ಕೆ ಪೆಟ್ಟಿಗೆಗಳನ್ನು ಪೇರಿಸಿ ಹಲಗೆ ಇಟ್ಟು ನೋಡಿದಾಗಲೇ ಅದರೊಳಗಿನ ಲೆಕ್ಕಾಚಾರ ತಿಳಿಯುವುದು. ಕುಳಿತವರ ಮುಖ ಮತ್ತು ಗೊಂಬೆಯ ಮುಖ ಒಂದೇ ಮಟ್ಟಕ್ಕೆ ಬರುತ್ತವೆ, ಆದ್ದರಿಂದ ಇಬ್ಬರನ್ನೂ ಒಂದೇ ಚೌಕಟ್ಟಿನಲ್ಲಿ ಹತ್ತಿರದಿಂದ ಹಿಡಿಯಬಹುದು. ಹಲಗೆಯನ್ನು ಒಂದು ಗೇಣು ತಗ್ಗಿಸಿದರೆ ಸಾಕು, ಮಾತನಾಡುವವರು ತಲೆ ಬಗ್ಗಿಸಬೇಕಾಗುತ್ತದೆ, ಕ್ಯಾಮೆರಾಕ್ಕೆ ಅವರ ನೆತ್ತಿಯಷ್ಟೇ ಉಳಿಯುತ್ತದೆ.

ಮಫಿನ್ ಮಾತನಾಡುತ್ತಿರಲಿಲ್ಲ ಎಂಬುದನ್ನೂ ಇಲ್ಲಿ ಗಮನಿಸಬೇಕು. ಅದು ಮಿಲ್ಸ್ ಅವರ ಕಿವಿಯಲ್ಲಿ ಪಿಸುಗುಟ್ಟುತ್ತಿತ್ತು, ಅದೇನು ಹೇಳಿತೆಂಬುದನ್ನು ಅವರು ಮಕ್ಕಳಿಗೆ ತಿಳಿಸುತ್ತಿದ್ದರು. ಕೆಲವು ವರ್ಷಗಳ ನಂತರ ಬಂದ ಸೂಟಿ ಎಂಬ ಹಳದಿ ಕರಡಿಯೂ ಹೀಗೆಯೇ ಪಿಸುಗುಟ್ಟುತ್ತದೆ. ನನ್ನ ಮಟ್ಟಿಗೆ ಇದು ಬರಿಯ ಸ್ವಭಾವ ಚಿತ್ರಣವಲ್ಲ. ಕೆತ್ತಿದ ಬಾಯಿ ಅಲುಗುವುದಿಲ್ಲ. ಅದಕ್ಕೆ ದನಿ ಕೊಟ್ಟರೆ ಹತ್ತಿರದ ದೃಶ್ಯದಲ್ಲಿ ಮಾತು ಒಂದೆಡೆ, ಮುಖ ಒಂದೆಡೆ ಆಗುತ್ತದೆ. ಪಿಸುಮಾತು ಆ ತೊಂದರೆಯನ್ನು ಹುಟ್ಟುವ ಮೊದಲೇ ತೊಡೆದುಹಾಕುತ್ತದೆ.

ಅಮೆರಿಕದ ‘ಹೌಡಿ ಡೂಡಿ’ಯ ಮಾದರಿಯನ್ನು ನಾನು ಕಟ್ಟಲಿಲ್ಲ, ಏಕೆಂದರೆ ಅಲ್ಲಿ ಬಳಸಿದ್ದೂ ಸೂತ್ರದ ಗೊಂಬೆಯೇ. ಆದರೆ ಅದರ ಕಥೆಯನ್ನು ಬಿಟ್ಟು ಮುಂದೆ ಹೋಗಲು ಮನಸ್ಸಾಗದು. ಕಾರ್ಯಕ್ರಮ ಎನ್‌ಬಿಸಿಯಲ್ಲಿ 1947ರ ಡಿಸೆಂಬರ್ 27ರಂದು ಆರಂಭವಾಯಿತು. ಗೊಂಬೆಯನ್ನು ಮಾಡಿಕೊಟ್ಟಿದ್ದ ಫ್ರಾಂಕ್ ಪ್ಯಾರಿಸ್, ಆಟಿಕೆ ಮೊದಲಾದ ಸರಕುಗಳ ಹಕ್ಕಿನ ವಿಷಯದಲ್ಲಿ ಜಗಳವಾಗಿ 1948ರಲ್ಲಿ ಗೊಂಬೆಯನ್ನೇ ಎತ್ತಿಕೊಂಡು ಹೊರಟುಬಿಟ್ಟರು. ನಾಯಕನೇ ಇಲ್ಲದ ಕಾರ್ಯಕ್ರಮವನ್ನು ನೇರವಾಗಿ ನಡೆಸಬೇಕಾದ ತಂಡ, ಅದು ಅಧ್ಯಕ್ಷೀಯ ಚುನಾವಣೆಯ ವರ್ಷವಾದ್ದರಿಂದ, ಹೌಡಿ ಮಕ್ಕಳ ಅಧ್ಯಕ್ಷ ಪದವಿಗೆ ಸ್ಪರ್ಧಿಸಿ ಪ್ರಚಾರಕ್ಕೆ ಹೋಗಿದ್ದಾನೆಂದು ಹೇಳಿತು. ಮುಂದೆ ಅವನು ಮುಖ ಚೆಂದ ಮಾಡಿಸಿಕೊಳ್ಳಲು ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದಾನೆಂದು ತಲೆಗೆ ಬ್ಯಾಂಡೇಜ್ ಸುತ್ತಿದ ಗೊಂಬೆಯನ್ನು ತೋರಿಸಿತು. ಕೊನೆಗೆ ಬ್ಯಾಂಡೇಜ್ ಬಿಚ್ಚಿದಾಗ ಹೊರಬಂದದ್ದು ವೆಲ್ಮಾ ಡಾಸನ್ ಕೆತ್ತಿದ ಹೊಸ ಮುಖ. ಕೆನ್ನೆ ಮೂಗುಗಳ ಮೇಲಿನ 48 ಮಚ್ಚೆಗಳು ಅಂದಿನ 48 ರಾಜ್ಯಗಳಿಗೆ ಒಂದೊಂದರಂತೆ. ಅಂದಿನ ಮಕ್ಕಳು ಇಂದಿಗೂ ನೆನಪಿಸಿಕೊಳ್ಳುವ ಆ ಮುಖ ಒಂದು ವ್ಯಾಪಾರದ ಜಗಳದ ಫಲ ಎಂಬುದು ನನಗೆ ತಮಾಷೆಯಾಗಿಯೂ, ಸ್ವಲ್ಪ ಎಚ್ಚರಿಸುವಂತೆಯೂ ಕಾಣುತ್ತದೆ.

ಎರಡನೆಯ ಮಾದರಿ ಕೈಗವಸಿನ ಗೊಂಬೆಯದು. ಶಿಕಾಗೊದಲ್ಲಿ 1947ರ ಅಕ್ಟೋಬರ್‌ನಲ್ಲಿ ಆರಂಭವಾಗಿ, ಮುಂದೆ ‘ಕುಕ್ಲಾ, ಫ್ರಾನ್ ಅಂಡ್ ಆಲಿ’ ಎಂದು ಹೆಸರಾದ ಕಾರ್ಯಕ್ರಮದಲ್ಲಿ ಬರ್ ಟಿಲ್‌ಸ್ಟ್ರಮ್ ಪುಟ್ಟ ರಂಗಮಂಚದ ಹಿಂದೆ ಅಡಗಿ, ಬೋಳುತಲೆಯ ಕುಕ್ಲಾ ಮತ್ತು ಒಂಟಿಹಲ್ಲಿನ ಡ್ರ್ಯಾಗನ್ ಆಲಿ ಸೇರಿದಂತೆ ಎಲ್ಲ ಪಾತ್ರಗಳನ್ನೂ ತಾವೇ ಆಡಿಸುತ್ತ ದನಿಯನ್ನೂ ತಾವೇ ಕೊಡುತ್ತಿದ್ದರು. ಫ್ರಾನ್ ಆಲಿಸನ್ ಮಂಚದ ಮುಂದೆ ನಿಂತು ಅವುಗಳೊಂದಿಗೆ ಮಾತನಾಡುತ್ತಿದ್ದರು. ಸಂಭಾಷಣೆಗೆ ಬರೆದ ಪ್ರತಿ ಇರುತ್ತಿರಲಿಲ್ಲ. ಇಲ್ಲಿ ಮರೆ ಹಳೆಯ ರಂಗದ್ದೇ ಆದರೂ, ಮಂಚದ ಮುಂದಿರುವ ಮನುಷ್ಯರ ನಂಬಿಕೆಯೇ ಹೊಸದು. ಫ್ರಾನ್ ಗೊಂಬೆಯ ಕಣ್ಣನ್ನೇ ನೋಡುತ್ತ ಉತ್ತರ ಕೊಡುವಾಗ ನೋಡುವವರ ದೃಷ್ಟಿ ಹಲಗೆಯ ಕೆಳಗೆ ಇಳಿಯುವುದೇ ಇಲ್ಲ.

ಸೂಟಿಯದು ಇದಕ್ಕಿಂತ ಧೈರ್ಯದ ದಾರಿ. ಹ್ಯಾರಿ ಕಾರ್ಬೆಟ್ 1948ರಲ್ಲಿ ಬ್ಲ್ಯಾಕ್‌ಪೂಲ್‌ನ ನಾರ್ತ್ ಪಿಯರ್‌ನಲ್ಲಿ 7 ಶಿಲಿಂಗ್ 6 ಪೆನ್ಸ್ ಕೊಟ್ಟು ಕೊಂಡ ಈ ಕೈಗವಸಿನ ಕರಡಿಯನ್ನು ಆಡಿಸುವಾಗ ಅವರು ಅಡಗುವುದೇ ಇಲ್ಲ. ಮೇಜಿನ ಹಿಂದೆ ಎಲ್ಲರಿಗೂ ಕಾಣುವಂತೆ ಇರುತ್ತಾರೆ, ಅಡಗುವುದು ಅವರ ಕೈ ಮಾತ್ರ. 1952ರಲ್ಲಿ ಬಿಬಿಸಿಯಲ್ಲಿ ಕಾಣಿಸಿಕೊಂಡಾಗ, ಕಪ್ಪು-ಬಿಳುಪು ಪರದೆಯ ಮೇಲೆ ಕರಡಿ ಎದ್ದು ಕಾಣಲೆಂದು ಅದರ ಕಿವಿಗಳಿಗೆ ಮಸಿ ಬಳಿದರು. ಈ ಮಾತನ್ನು ಪರೀಕ್ಷಿಸದೆ ಇರಲಾಗಲಿಲ್ಲ. ಹಳದಿ ಬಟ್ಟೆಯಲ್ಲಿ ಹೊಲಿದ ಕರಡಿಯೊಂದನ್ನು ತಿಳಿಬಣ್ಣದ ಗೋಡೆಯ ಮುಂದೆ ಹಿಡಿದು ಕಪ್ಪು-ಬಿಳುಪಿನಲ್ಲಿ ಚಿತ್ರೀಕರಿಸಿದೆ. ಹಳದಿ ಬಹುತೇಕ ಗೋಡೆಯ ಬೂದುಬಣ್ಣಕ್ಕೇ ಇಳಿದು, ತಲೆ ಎಲ್ಲಿ ಮುಗಿಯುತ್ತದೆಂದು ಹುಡುಕುವಂತಾಯಿತು. ಕಿವಿಗಳಿಗೆ ಕಾಡಿಗೆ ಹಚ್ಚಿದ ಕೂಡಲೇ ತಲೆಯ ಅಂಚು ಖಚಿತವಾಯಿತು. ಅದಕ್ಕಿಂತ ಮುಖ್ಯವಾಗಿ, ಕರಡಿ ತಲೆ ಆಡಿಸಿದ್ದು ಅಷ್ಟು ದೂರದಿಂದಲೂ ತಿಳಿಯುವಂತಾಯಿತು. ಇಂದಿನ ಫೋನು ಬಣ್ಣಗಳನ್ನು ಬೂದುಬಣ್ಣಕ್ಕೆ ಇಳಿಸುವ ಕ್ರಮವೇ ಬೇರೆ, 1952ರ ಸ್ಟುಡಿಯೊ ಕ್ಯಾಮೆರಾದ ಕ್ರಮವೇ ಬೇರೆ, ಆದ್ದರಿಂದ ಇದನ್ನು ಪುರಾವೆ ಎನ್ನುವುದಿಲ್ಲ. ಆದರೂ ಕಾರಣ ಕಣ್ಣಿಗೆ ಕಟ್ಟಿತು.

‘ಆಂಡಿ ಪ್ಯಾಂಡಿ’ಗೆ (ಬಿಬಿಸಿ, 1950) ಹೆಚ್ಚು ಹೊತ್ತು ಕೊಡಲಿಲ್ಲ. ಫ್ರೀಡಾ ಲಿಂಗ್‌ಸ್ಟ್ರಮ್ ಮತ್ತು ಮರಿಯಾ ಬರ್ಡ್ ರೂಪಿಸಿದ ಅದರಲ್ಲಿ ದಾರಗಳು ಸ್ಪಷ್ಟವಾಗಿ ಕಾಣುತ್ತವೆ, ಅದರಿಂದ ಪುಟ್ಟ ಮಕ್ಕಳಿಗೆ ಏನೂ ಅಡ್ಡಿಯಾಗಲಿಲ್ಲ. ಮರೆಮಾಚುವಿಕೆಯ ಬಗ್ಗೆ ಇಷ್ಟೆಲ್ಲ ತಲೆಕೆಡಿಸಿಕೊಳ್ಳುವ ನನ್ನಂಥವರಿಗೆ ಅದೊಂದು ಒಳ್ಳೆಯ ಚುರುಕು.

ಈಗ ಕೈಯಲ್ಲಿರುವುದು ಮೂರನೆಯ ಮಾದರಿ, ಮೂರರಲ್ಲಿ ಅತ್ಯಂತ ಕಷ್ಟದ್ದು. ಜಿಮ್ ಹೆನ್ಸನ್ 1955ರಲ್ಲಿ ವಾಷಿಂಗ್ಟನ್‌ನ ಡಬ್ಲ್ಯುಆರ್‌ಸಿ ಟಿವಿಯಲ್ಲಿ ಆರಂಭಿಸಿದ, ಐದೈದು ನಿಮಿಷಗಳ ‘ಸ್ಯಾಮ್ ಅಂಡ್ ಫ್ರೆಂಡ್ಸ್’ ಶುದ್ಧ ಮಕ್ಕಳ ಕಾರ್ಯಕ್ರಮವೇನಲ್ಲ. ಆದರೂ 1969ರ ‘ಸೆಸಮಿ ಸ್ಟ್ರೀಟ್’ನ ಗೊಂಬೆಗಳ ಬೇರು ಅಲ್ಲಿರುವುದರಿಂದ ಅದನ್ನು ಸೇರಿಸಿಕೊಂಡೆ. ಹೆನ್ಸನ್ ರಂಗಮಂಚವನ್ನೇ ತೆಗೆದುಹಾಕಿದರು. ಟೆಲಿವಿಷನ್ನಿನ ಚೌಕಟ್ಟೇ ಮಂಚ. ಅದರ ಕೆಳಗಿನ ಗೆರೆಯಿಂದಾಚೆ ಆಡಿಸುವವರು ಎಲ್ಲಿ ಬೇಕಾದರೂ ಇರಬಹುದು. ಕ್ಯಾಮೆರಾ ಹಿಡಿದದ್ದನ್ನೇ ಮಾನಿಟರಿನಲ್ಲಿ ನೋಡಿಕೊಂಡು ಅವರು ಗೊಂಬೆಯನ್ನು ಆಡಿಸುತ್ತಿದ್ದರು. ಕೆತ್ತಿದ ಮರದ ಮುಖದ ಬದಲು ಬಟ್ಟೆಯ ಮೆದು ಮುಖ ಬಂದದ್ದೂ ಈ ಹತ್ತಿರದ ನೋಟಕ್ಕಾಗಿಯೇ: ಒಳಗಿನ ಬೆರಳು ಮಡಚಿದರೆ ಮುಖಭಾವವೇ ಬದಲಾಗುತ್ತದೆ. ತಾಯಿಯ ಹಳೆಯ ಕೋಟಿನ ಬಟ್ಟೆ ಮತ್ತು ಸೀಳಿದ ಪಿಂಗ್‌ಪಾಂಗ್ ಚೆಂಡಿನಿಂದ ಆದ ಮೊದಲ ಕರ್ಮಿಟ್ ಆಗಿನ್ನೂ ಕಪ್ಪೆಯಾಗಿರಲಿಲ್ಲ.

ಅಭ್ಯಾಸಕ್ಕೆ ಕುಳಿತವರಿಗೆ ಮೊದಲು ಎದುರಾಗುವ ಅಡಚಣೆ ಎಡ-ಬಲದ್ದು. ಕ್ಯಾಮೆರಾದತ್ತ ಮುಖಮಾಡಿ ಕೈಯನ್ನು ಬಲಕ್ಕೆ ಸರಿಸಿದರೆ ಪರದೆಯ ಮೇಲೆ ಗೊಂಬೆ ಎಡಕ್ಕೆ ಹೋಗುತ್ತದೆ. ಫೋನಿನ ಮುಂಬದಿ ಕ್ಯಾಮೆರಾ ಕನ್ನಡಿಯಂತೆ ತಿರುಗಿಸಿ ತೋರಿಸುವುದರಿಂದ ಈ ಕಷ್ಟ ಮರೆಯಾಗುತ್ತದೆ. ಅಂದಿನ ಸ್ಥಿತಿ ಬೇಕೆಂದೇ ಹಿಂಬದಿಯ ಕ್ಯಾಮೆರಾದ ಚಿತ್ರವನ್ನು ಇನ್ನೊಂದು ಪರದೆಗೆ ಹಾಯಿಸಿಕೊಂಡಿದ್ದೇನೆ. ಗೊಂಬೆಯ ಎತ್ತರವನ್ನು ಕಾಪಾಡುವುದು ಈಗ ಕೈಗೆ ಹತ್ತಿದೆ. ಆದರೆ ಗೊಂಬೆ ನೆಲದಲ್ಲಿ ನಡೆದುಬಂದಂತೆ ತೋರಿಸುವಾಗ ತೋಳು ಸೋತು ಚೌಕಟ್ಟಿನೊಳಗೆ ಮುಳುಗತೊಡಗುತ್ತದೆ. ಮಾತಿಗೆ ತಕ್ಕಂತೆ ಬಾಯಿ ತೆರೆಯುವಾಗ ಮೇಲ್ದವಡೆ ಎತ್ತದೆ ಹೆಬ್ಬೆರಳಿನಿಂದ ಕೆಳದವಡೆ ಇಳಿಸುವ ಅಭ್ಯಾಸವೂ ನಡೆದಿದೆ. ಮೇಲ್ದವಡೆ ಎತ್ತಿದರೆ ಪ್ರತಿ ಅಕ್ಷರಕ್ಕೂ ಗೊಂಬೆ ಆಕಾಶ ನೋಡುತ್ತದೆ.

ಇದು ಮುಗಿದ ಮೇಲೆ ಗೆರ‍್ರಿ ಆಂಡರ್ಸನ್ ತಂಡದ ‘ಫೋರ್ ಫೆದರ್ ಫಾಲ್ಸ್’ (1960) ಸರದಿ. ಅಲ್ಲಿ ಗೊಂಬೆಯ ತಲೆಯೊಳಗೆ ಸೊಲೆನಾಯ್ಡ್ (ವಿದ್ಯುತ್ ಹರಿದಾಗ ಅಯಸ್ಕಾಂತವಾಗಿ ಎಳೆಯುವ ತಂತಿಯ ಸುರುಳಿ) ಇಟ್ಟು, ಮೊದಲೇ ಧ್ವನಿಮುದ್ರಿಸಿದ ಸಂಭಾಷಣೆಯ ವಿದ್ಯುತ್ ಮಿಡಿತಗಳನ್ನು ಗೊಂಬೆಯನ್ನು ಹಿಡಿದ ಸಣ್ಣ ಲೋಹದ ತಂತಿಗಳ ಮೂಲಕವೇ ಕಳಿಸಿ ತುಟಿ ಆಡಿಸಲಾಯಿತು. ಕಡಿಮೆ ವೋಲ್ಟೇಜಿನ ಸೊಲೆನಾಯ್ಡ್, ಬ್ಯಾಟರಿ ಮತ್ತು ಧ್ವನಿಯ ಏರಿಳಿತಕ್ಕೆ ತೆರೆದು ಮುಚ್ಚುವ ಸರಳ ಸರ್ಕೀಟಿನ ನಕ್ಷೆ ಸಿದ್ಧವಾಗಿದೆ. ತಲೆಯನ್ನು ಎಷ್ಟು ಹಗುರವಾಗಿ ಕೆತ್ತಬಹುದೆಂಬುದನ್ನು ಮೊದಲು ನೋಡಬೇಕು.