ದೇಶನೂರಿನ ಮಠದಿಂದ ಗುಳೇದಗುಡ್ಡದ ಗುಡಿಯವರೆಗೆ

ನಮ್ಮ ಕಡೆಯ ಹಳೆಯ ಕ್ರೈಸ್ತ ಸಭೆಗಳನ್ನು ಊರೂರಿಗೆ ಹೋಗಿ ನೋಡಬೇಕು ಅಂತ ಬಹಳ ದಿನದಿಂದ ಮನಸ್ಸಿನಲ್ಲಿತ್ತು. ಬೆಳಗಾವಿಯಲ್ಲಿ ತಮ್ಮ ಇದ್ದಾನೆ, ಅವನ ಹತ್ತಿರ ಕಾರಿದೆ. ಜೊತೆಗೆ ಚಿಕ್ಕಮ್ಮನೂ ಹೊರಟಳು. ಆಕೆ ಗದಗ-ಬೆಟಗೇರಿಯ ಬಾಸೆಲ್ ಮಿಶನ್ ಆಸ್ಪತ್ರೆಯಲ್ಲಿ ನರ್ಸ್ ಆಗಿ ದುಡಿದು ನಿವೃತ್ತಿಯಾದವಳು. ಆ ಮಿಶನ್ ಸ್ವಿಟ್ಜರ್ಲೆಂಡಿನದಾದರೂ ಅದರ ಪಾದ್ರಿಗಳು ಹೆಚ್ಚಾಗಿ ಜರ್ಮನರು. ಅದಕ್ಕೇ ಗದಗಿನ ಜನ ಆ ಆಸ್ಪತ್ರೆಯನ್ನು ಈಗಲೂ ಜರ್ಮನ್ ಆಸ್ಪತ್ರೆ ಅಂತಲೇ ಕರೆಯುತ್ತಾರೆ. "ಗುಡಿ ಗೋಡೆ ನೋಡಾಕ ನಾ ಬರೂದಿಲ್ಲ. ಅಲ್ಲಿ ಮಂದಿ ಏನು ಮಾಡ್ಯಾರ ಅದನ್ನ ನೋಡೂಣು" ಅಂತ ಹೊರಡುವ ಮುಂಚೆಯೇ ಹೇಳಿಬಿಟ್ಟಳು. ಆ ಮಾತು ದಾರಿಯುದ್ದಕ್ಕೂ ನಮ್ಮ ಜೊತೆಗೇ ಬಂತು.

ಬೆಳಗಾವಿಯ ಕ್ಯಾಂಪ್ (ದಂಡು) ಪ್ರದೇಶದಲ್ಲಿ ಬೆಳಿಗ್ಗೆ ಸುತ್ತಿದೆವು. ದೊಡ್ಡ ಮರಗಳು, ಅಗಲವಾದ ರಸ್ತೆಗಳು. 1818ರಲ್ಲಿ ಬೆಳಗಾವಿ ಕೋಟೆ ಇಂಗ್ಲಿಷರ ಕೈಗೆ ಹೋಯಿತು. ಎರಡೇ ವರ್ಷಕ್ಕೆ, 1820ರಲ್ಲಿ, ಲಂಡನ್ ಮಿಶನರಿ ಸೊಸೈಟಿಯ ಜೋಸೆಫ್ ಟೇಲರ್ ಇಲ್ಲಿಗೆ ಬಂದರು. 1904ರಲ್ಲಿ ಆ ಸೊಸೈಟಿ ಇಲ್ಲಿನ ತನ್ನ ಕೆಲಸವನ್ನೆಲ್ಲ ಅಮೆರಿಕದ ಮೆಥಡಿಸ್ಟರಿಗೆ ಒಪ್ಪಿಸಿ ಹೋಯಿತು. ಕಥೋಲಿಕರ ಸೇಂಟ್ ಪಾಲ್ಸ್ ಶಾಲೆ 1856ರದ್ದು. ಕಲ್ಲಿನ ಸೇಂಟ್ ಮೇರಿ ಚರ್ಚು 1869ರದ್ದು. ನೋಡಲು ಚೆಂದವಿದೆ. ಆದರೆ ಅದನ್ನು ಕಟ್ಟಿದ್ದು ದಂಡಿನವರಿಗಾಗಿ. ದಂಡಿನ ನೆರಳಿನಲ್ಲಿ ಬಂದ ದೇವರನ್ನು ಈ ನೆಲದ ಬಡವರು ಹೇಗೆ ತಮ್ಮವನನ್ನಾಗಿ ಮಾಡಿಕೊಂಡರು ಅನ್ನುವುದೇ ನನಗೆ ಬೇಕಾಗಿದ್ದ ಕಥೆ. ಅದು ಕ್ಯಾಂಪಿನಲ್ಲಿ ಸಿಗುವಂಥದ್ದಲ್ಲ.

ಒಂದು ಸಂಗತಿಯನ್ನು ಮಾತ್ರ ಇಲ್ಲೇ ಹೇಳಬೇಕು. 2021ರ ಡಿಸೆಂಬರ್‌ನಲ್ಲಿ ಇದೇ ಊರಿನ ಒಂದು ಚರ್ಚಿನ ಆವರಣಕ್ಕೆ ಒಬ್ಬ ಕತ್ತಿ ಹಿಡಿದು ನುಗ್ಗಿ ಪಾದ್ರಿಯನ್ನು ಅಟ್ಟಿಸಿಕೊಂಡು ಹೋಗಿದ್ದ. ಪಾದ್ರಿ ಓಡಿ ಜೀವ ಉಳಿಸಿಕೊಂಡರು. ಅದೇ ತಿಂಗಳು ಸುವರ್ಣಸೌಧದಲ್ಲಿ ಮತಾಂತರ ನಿಷೇಧದ ಮಸೂದೆ ವಿಧಾನಸಭೆಯಲ್ಲಿ ಪಾಸಾಯಿತು. ಮುಂದೆ 2022ರಲ್ಲಿ ಅದು ಕಾಯ್ದೆಯೂ ಆಯಿತು. ಆ ದಿನಗಳಲ್ಲಿ ಮನೆಯಲ್ಲಿ ನಾಲ್ಕು ಜನ ಕೂತು ಪ್ರಾರ್ಥನೆ ಮಾಡಲೂ ಹೆದರುತ್ತಿದ್ದರು ಅಂತ ತಮ್ಮ ಹೇಳಿದ. ಅವನ ಓಣಿಯ ಸಭೆ ಭಾನುವಾರದ ಆರಾಧನೆಯನ್ನು ನಿಲ್ಲಿಸಲಿಲ್ಲ. ಕೋವಿಡ್ ಕಾಲದಲ್ಲಿ ಶುರು ಮಾಡಿದ್ದ ರೇಷನ್ ಕಿಟ್ ಹಂಚುವುದನ್ನೂ ನಿಲ್ಲಿಸಲಿಲ್ಲ. ಅಕ್ಕಿ ಕೊಟ್ಟರೆ ಮತಾಂತರದ ಆಮಿಷ ಅಂತ ಯಾರಾದರೂ ದೂರು ಕೊಡಬಹುದು ಅಂತ ಗೊತ್ತಿದ್ದೇ ಕೊಟ್ಟರು. ಧೈರ್ಯ ಅಂದರೆ ನನಗೆ ಅದೇ.

ನೇಸರಗಿ ದಾಟಿ ಬೈಲಹೊಂಗಲ ತಾಲೂಕಿನ ದೇಶನೂರಿಗೆ ಬಂದೆವು. ಕರಿ ಮಣ್ಣು, ಕಬ್ಬು, ಜೋಳ. ಊರ ಬಾಯಲ್ಲಿ ಚಹಾದಂಗಡಿಯವರನ್ನು "ಚರ್ಚು ಎಲ್ಲೈತ್ರಿ?" ಅಂತ ಕೇಳಿದರೆ ಅವರು ಒಂದು ಕ್ಷಣ ಯೋಚಿಸಿದರು. ಆಮೇಲೆ "ಮಠ ಅನ್ರಿ" ಅಂದರು. ಹೌದು, ಇದು ವಿರಕ್ತ ಮಠ. ಸ್ನಾನಿಕ ಅರುಳಪ್ಪನ ಹೆಸರಿನಲ್ಲಿರುವ ಮಠ. ಯೇಸುವಿಗೆ ದೀಕ್ಷಾಸ್ನಾನ ಕೊಟ್ಟ ಯೋಹಾನನನ್ನು ಕಥೋಲಿಕರು ಕನ್ನಡದಲ್ಲಿ ಕರೆಯುವುದು ಹಾಗೆ.

ಇದನ್ನು ಕಟ್ಟಿದವರು ಗೋವೆಯ ಕಡೆಯ ಜೆಸ್ವಿಟ್ (ಕಥೋಲಿಕರ ಯೇಸುಸಭೆ ಅನ್ನುವ ಸಂಘದ) ಪಾದ್ರಿ ಅರ್ಮಾಂಡೊ ಅಲ್ವಾರೆಸ್. 1940ರ ದಶಕದಲ್ಲಿ ಇಲ್ಲಿಗೆ ಬಂದು ನೆಲೆಸಿ ಅನಿಮಾನಂದ ಸ್ವಾಮಿ ಆದರು. ಬಿಳಿ ನಿಲುವಂಗಿ ಬಿಟ್ಟು ಕಾವಿ ಉಟ್ಟರು. ಮಾಂಸ ಬಿಟ್ಟರು. ಗೋವೆಯ ಕಡೆಯವರಿಗೆ ಮೀನು ಬಿಡುವುದೆಂದರೆ ಎಷ್ಟು ಕಷ್ಟ ಅಂತ ಬಲ್ಲವರೇ ಬಲ್ಲರು. ಕನ್ನಡ ಕಲಿತು, ಲಿಂಗಾಯತ ಮಠದ ರೀತಿ ರಿವಾಜಿನಲ್ಲೇ ಬದುಕಿದರು. ಇಂದಿಗೂ ಇಲ್ಲಿನ ಜೆಸ್ವಿಟರು ಕಾವಿಯಲ್ಲೇ ಇರುತ್ತಾರೆ. ಊಟ ಸಸ್ಯಾಹಾರ. ಪೂಜೆಯಲ್ಲಿ ಆರತಿ ಇದೆ.

ಇದರ ಬಗ್ಗೆ ಎರಡು ಕಡೆಯಿಂದಲೂ ಟೀಕೆ ಕೇಳಿದ್ದೇನೆ. ನಮ್ಮ ಪ್ರಾಟೆಸ್ಟಂಟರಲ್ಲಿ ಕೆಲವರು "ಇದೆಂಥ ಕ್ರೈಸ್ತತನ?" ಅನ್ನುತ್ತಾರೆ. ಇನ್ನು ಕೆಲವರು ಕಾವಿ ಹಾಕಿ ಜನರನ್ನು ನಂಬಿಸುವ ಉಪಾಯ ಅನ್ನುತ್ತಾರೆ. ಎರಡನೆಯ ಮಾತನ್ನು ಸುಮ್ನೆ ತಳ್ಳಿಹಾಕಬಾರದು. ವೇಷ ಬರೀ ವೇಷವೇ ಆಗಿದ್ದರೆ ಆ ಅನುಮಾನ ನ್ಯಾಯವಾದದ್ದೇ. ಆದರೆ ಉಪಾಯ ಮಾಡುವವನು ನಾಲ್ಕು ವರ್ಷ ನೋಡಿ ಗಂಟು ಕಟ್ಟಿಕೊಂಡು ಹೊರಡುತ್ತಾನೆ. ಇಲ್ಲಿ ಒಬ್ಬರಾದ ಮೇಲೆ ಒಬ್ಬರಂತೆ ಎಂಟು ದಶಕದ ಹತ್ತಿರ ಉಳಿದಿದ್ದಾರೆ.

ಮಠದ ಕಟ್ಟೆಯ ಮೇಲೆ ಒಬ್ಬ ಅಜ್ಜ ಕೂತಿದ್ದರು. ಕ್ರೈಸ್ತರಲ್ಲ, ಊರಿನ ಲಿಂಗಾಯತರು. ಚಿಕ್ಕಮ್ಮ ಹೋಗಿ ಪಕ್ಕದಲ್ಲೇ ಕೂತಳು.

"ಅಜ್ಜಾರ, ನೀವು ಇಲ್ಲಿಗೆ ಬರತಿರ‍್ತೀರೇನ್ರಿ?"

"ಬರದ ಏನವ್ವಾ. ಸಣ್ಣವ ಇದ್ದಾಗಿಂದ ಬರತೀನಿ. ಅಪ್ಪಾರು ಕಟ್ಟೀ ಮ್ಯಾಲ ಎಲ್ಲಾರನ್ನೂ ಕೂಡಿಸಿ ಮಾತಾಡಸತಿದ್ರು. ಹೊಲಗೇರಿ ಮಂದೀನೂ ಬರತಿದ್ರು, ನಾವೂ ಬರತಿದ್ವಿ."

"ಕೂಡಿ ಕೂಡತಿದ್ರೇನ್ರಿ?"

ಅಜ್ಜ ತಡಮಾಡಿ ಹೇಳಿದರು. "ಮೊದಲ ಮೊದಲ ನಮ್ಮಪ್ಪ ಕೂಡತಿರಲಿಲ್ಲ. ನಿಂತು ಮಾತಾಡಿಸಿ ಹೊಕ್ಕಿದ್ದ. ನಾ ಕೂತೆ."

ಅಜ್ಜನ ಈ ಮಾತು ನನಗೆ ದಾರಿಯುದ್ದಕ್ಕೂ ಕೆಲಸ ಕೊಟ್ಟಿತು. ಬಡವರಿಗೆ ಕೊಡುವುದನ್ನು ನಾವು ಕ್ರೈಸ್ತರು ಚೆನ್ನಾಗಿ ಕಲಿತಿದ್ದೇವೆ. ಕ್ರಿಸ್ಮಸ್‌ಗೆ ಕಂಬಳಿ, ಜೂನ್‌ನಲ್ಲಿ ನೋಟ್‌ಬುಕ್. ಕೊಡುವವನು ನಿಂತಿರುತ್ತಾನೆ, ತಗೊಳ್ಳುವವನು ಕೈ ಚಾಚಿರುತ್ತಾನೆ. ಫೋಟೋ ಕೂಡ ಹಾಗೇ ಬರುತ್ತದೆ. ಅನಿಮಾನಂದರು ಮೊದಲು ಮಾಡಿದ್ದು ಬೇರೆ. ತಾವೇ ಬಿಡಬೇಕಾದ್ದನ್ನು ಬಿಟ್ಟರು. ಊಟ, ಉಡುಪು, ಭಾಷೆ, ಹೆಸರು. ಆಮೇಲೆ ಕೂತರು. ಊಟ ಬದಲಾಯಿಸುವುದಕ್ಕಿಂತ ಸಮನಾಗಿ ಕೂರುವುದೇ ಜಾಸ್ತಿ ಕಷ್ಟ ಅಂತ ನನ್ನ ಅಭಿಪ್ರಾಯ. ಯಾಕೆಂದರೆ ಅದಕ್ಕೆ ಇನ್ನೊಬ್ಬರೂ ಒಪ್ಪಬೇಕು. ಕೆಲವೊಮ್ಮೆ ಒಂದು ತಲೆಮಾರು ಕಾಯಬೇಕು.

ಯರಗಟ್ಟಿಯ ಹತ್ತಿರ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋಗುವ ಗಾಡಿಗಳ ಸಾಲು ಸಿಕ್ಕಿತು. ಭಂಡಾರ ಹಚ್ಚಿಕೊಂಡ ಹೆಣ್ಣುಮಕ್ಕಳು ಟ್ರ್ಯಾಕ್ಟರಿನಲ್ಲಿ ಹಾಡುತ್ತಾ ಹೋಗುತ್ತಿದ್ದರು. ಈ ದಾರಿಯಲ್ಲಿ ದೇವದಾಸಿಯರ ನೆನಪು ಬಾರದೇ ಇರದು. ದೇವದಾಸಿ ಸಮರ್ಪಣೆಯನ್ನು ತಡೆಯುವ ಕಾಯ್ದೆಯನ್ನು ಕರ್ನಾಟಕ 1982ರಲ್ಲೇ ಮಾಡಿತು. ಆದರೆ ಇದೇ ಜಿಲ್ಲೆಯಲ್ಲಿ ಆ ಪದ್ಧತಿಯ ಬೆನ್ನುಮೂಳೆ ಮುರಿಯುವ ಕೆಲಸಕ್ಕೆ ನಿಂತವರು ಹಿಂದೆ ದೇವದಾಸಿಯರಾಗಿದ್ದ ಹೆಂಗಸರೇ. ಘಟಪ್ರಭಾದ ಅವರ ಸಂಸ್ಥೆಯನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿಯವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಅವರದು ಕ್ರೈಸ್ತ ಸಂಸ್ಥೆಯಲ್ಲ. ಆದರೂ ಇಲ್ಲಿ ಬರೆಯುತ್ತಿದ್ದೇನೆ, ಯಾಕೆಂದರೆ ಸೇವೆ ಮಾಡುವ ಎಲ್ಲರೂ ಇದನ್ನು ನೋಡಿ ಕಲಿಯಬೇಕು. ನೊಂದವರೇ ಮುಂದೆ ನಿಂತು ಮಾತಾಡುವಾಗ ನಾವು ಹಿಂದೆ ನಿಲ್ಲಬೇಕು. ಮೈಕ್ ನಮ್ಮ ಕೈಯಲ್ಲೇ ಇರಬೇಕು ಅನ್ನುವ ಹಟ ನಮ್ಮ ಸಭೆಗಳಲ್ಲಿ ಇನ್ನೂ ಹೋಗಿಲ್ಲ.

ಲೋಕಾಪುರದಲ್ಲಿ ಊಟ. ಖಡಕ್ ರೊಟ್ಟಿ, ಎಣ್ಣೆಗಾಯಿ, ಕೆಂಪು ಖಾರ. ಅಲ್ಲಿಂದ ಕಲಾದಗಿ.

ಕಲಾದಗಿ ಈಗ ದಾಳಿಂಬೆ, ಚಿಕ್ಕು ಮಾರುವ ಸಣ್ಣ ಊರು. ಒಂದು ಕಾಲಕ್ಕೆ ಇದೇ ಜಿಲ್ಲಾ ಕೇಂದ್ರ. ಇಂದಿನ ವಿಜಯಪುರ, ಬಾಗಲಕೋಟೆ ಎಲ್ಲ ಸೇರಿ ಕಲಾದಗಿ ಜಿಲ್ಲೆ. 1885ರಲ್ಲಿ ಕೇಂದ್ರ ಬಿಜಾಪುರಕ್ಕೆ ಹೋಯಿತು. ಅದಕ್ಕೂ ಮುಂಚೆ, 1876ರಿಂದ 78ರವರೆಗೆ, ಇಲ್ಲಿ ದೊಡ್ಡ ಬರ ಬಿತ್ತು. 1872ರ ಜನಗಣತಿಯಲ್ಲಿ ಎಂಟು ಲಕ್ಷ ದಾಟಿದ್ದ ಜಿಲ್ಲೆಯ ಜನಸಂಖ್ಯೆ 1881ಕ್ಕೆ ಆರೂವರೆ ಲಕ್ಷಕ್ಕಿಂತ ಕೆಳಗೆ ಇಳಿಯಿತು. ಸತ್ತವರು, ಗುಳೆ ಹೋಗಿ ವಾಪಸ್ ಬಾರದವರು. ರಸ್ತೆ ಬದಿಯ ಹಣ್ಣಿನ ರಾಶಿ ನೋಡುತ್ತಾ ತಮ್ಮನಿಗೆ ಈ ಲೆಕ್ಕ ಹೇಳಿದೆ. ಅವನು ಗಾಡಿಯನ್ನು ಬದಿಗೆ ನಿಲ್ಲಿಸಿದ. ಚಿಕ್ಕಮ್ಮ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದಳು.

ಗುಳೇದಗುಡ್ಡ ತಲುಪುವಾಗ ಬಿಸಿಲು ಇಳಿದಿತ್ತು. ಊರ ಸುತ್ತ ಕೆಂಪು ಬಂಡೆಯ ಗುಡ್ಡ. ಓಣಿಗಳಲ್ಲಿ ಮಗ್ಗದ ಸದ್ದು. ಇದು ಖಣದ ಊರು. ನಮ್ಮ ಅವ್ವ, ಅಜ್ಜಿಯರೆಲ್ಲ ಕುಪ್ಪಸ ಹೊಲಿಸಿದ್ದು ಇಲ್ಲಿಯ ಖಣದಲ್ಲೇ. ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ಬಂದಿತ್ತು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ. ಗುಳೇದಗುಡ್ಡದಲ್ಲಿ ಠಾಣೆ ಹೂಡಿದ್ದು 1851ರಲ್ಲಿ.

ನೇಕಾರರು ಕ್ರೈಸ್ತರಾದ ಕೂಡಲೇ ಮೊದಲ ಪೆಟ್ಟು ಬೀಳುತ್ತಿದ್ದದ್ದು ಹೊಟ್ಟೆಗೆ. ಜಾತಿಯಿಂದ ಹೊರಗೆ. ನೂಲು ಕೊಡುವವರಿಲ್ಲ, ಬಟ್ಟೆ ಕೊಳ್ಳುವವರಿಲ್ಲ, ಬಾವಿಯ ನೀರಿಲ್ಲ. ಹೀಗೆ ಬೀದಿಗೆ ಬಿದ್ದವರಿಗೆ ದುಡಿಮೆ ಕೊಡಬೇಕು ಅನ್ನುವುದರಿಂದಲೇ ಬಾಸೆಲ್ ಮಿಶನ್ ನೇಯ್ಗೆ ಶುರು ಮಾಡಿತು. ಕರಾವಳಿಯಲ್ಲಿ ಹಂಚಿನ ಕಾರ್ಖಾನೆಗಳನ್ನೂ ತೆರೆಯಿತು. ಬರ ಬಂದಾಗ ತಂದೆತಾಯಿ ಇಲ್ಲದ ಮಕ್ಕಳನ್ನು ಸಾಕಿತು. ಯಾಕೋಬನ ಪತ್ರಿಕೆಯಲ್ಲಿ ಒಂದು ಮಾತಿದೆ. ಬಟ್ಟೆಯಿಲ್ಲದ, ಊಟವಿಲ್ಲದ ಸಹೋದರನಿಗೆ "ಸಮಾಧಾನದಿಂದ ಹೋಗು, ಬೆಚ್ಚಗಿರು" ಅಂದು ಏನೂ ಕೊಡದೆ ಕಳಿಸಿದರೆ ಏನು ಬಂತು? ಗುಳೇದಗುಡ್ಡದಲ್ಲಿ ಆ ಪ್ರಶ್ನೆಗೆ ಮಗ್ಗ ಹೂಡಿ ಉತ್ತರ ಕೊಟ್ಟರು.

ಆ ಮಿಶನರಿಗಳು ದೇವದೂತರಾಗಿರಲಿಲ್ಲ. ಮಿಶನ್ ಕೆಲಸ ಕೊಡುವ ಯಜಮಾನನೂ ಆಯಿತು. ಯಜಮಾನನ ಎದುರು ಬಾಯಿ ಬಿಡುವುದು ಎಲ್ಲಿಯೂ ಕಷ್ಟವೇ. ಮೊದಲ ಮಹಾಯುದ್ಧದಲ್ಲಿ ಜರ್ಮನರನ್ನು ಬ್ರಿಟಿಷರು ಹೊರಹಾಕಿ ಮಿಶನ್ನಿನ ಉದ್ಯಮಗಳನ್ನು ವಶಪಡಿಸಿಕೊಂಡರು. ಅದರ ಬಿಸಿ ತಾಕಿದ್ದು ಅದನ್ನೇ ನಂಬಿದ್ದ ಕುಟುಂಬಗಳಿಗೆ. ನಮ್ಮ ಈ ಭಾಗದ ಬಾಸೆಲ್ ಮಿಶನ್ ಸಭೆಗಳು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸೇರಿದ್ದು 1968ರಲ್ಲಿ. ಅದಕ್ಕೇ ಹುಬ್ಬಳ್ಳಿಯ ನಾನು ಇಲ್ಲಿ ಕಾಲಿಟ್ಟರೆ ಸ್ವಂತ ಸಭೆಗೆ ಬಂದ ಹಾಗೆ.

ಸಭಾಪಾಲಕರು ಊರಲ್ಲಿರಲಿಲ್ಲ. ಗುಡಿಯ, ಅಂದರೆ ಚರ್ಚಿನ, ಪಡಸಾಲೆಯಲ್ಲಿ ಒಬ್ಬ ಹುಡುಗ ಮೇಜು ಹಾಕಿಕೊಂಡು ಕೂತಿದ್ದ. ಎದುರಿಗೆ ಏಳೆಂಟು ಜನ. ಒಬ್ಬ ಮುಸ್ಲಿಂ ಅಜ್ಜಿ, ನೇಕಾರ ಗಂಡ ಹೆಂಡತಿ, ಕಾಲೇಜಿನ ಹುಡುಗಿಯರು. ವೃದ್ಧಾಪ್ಯ ವೇತನ, ವಿದ್ಯಾರ್ಥಿವೇತನ, ಆಧಾರ್ ತಿದ್ದುಪಡಿ, ನಾಡಕಚೇರಿಯ ಅರ್ಜಿ. ಎಲ್ಲವನ್ನೂ ಅವನು ಮೊಬೈಲಿನಲ್ಲಿ ತುಂಬಿಕೊಡುತ್ತಾನೆ. ದುಡ್ಡಿಲ್ಲ. ಸರದಿ ಮುಗಿಯುವವರೆಗೆ ನಾವೂ ಕೂತೆವು. ಅಜ್ಜಿಯ ಹೆಬ್ಬೆರಳಿನ ಗುರುತು ಯಂತ್ರಕ್ಕೆ ಸಿಗುತ್ತಿಲ್ಲವಂತೆ, ಎರಡು ತಿಂಗಳಿಂದ ಪಗಾರ ನಿಂತಿದೆ. ನಾಳೆ ತಾನೇ ಜೊತೆಗೆ ಬ್ಯಾಂಕಿಗೆ ಬರುವುದಾಗಿ ಹೇಳಿ ಅವಳನ್ನು ಕಳಿಸಿದ.

"ನಿನ್ನ ಸ್ಕಾಲರ್‌ಶಿಪ್ ಬಂತೇನೋ ತಮ್ಮಾ?" ಅಂತ ಚಿಕ್ಕಮ್ಮ ಕೇಳಿದಳು. ಅವನು ಕಾನೂನು ಓದುತ್ತಿದ್ದ.

"ನಂದು ಪ್ರವರ್ಗ ಒಂದ್ರಿ, ದೊಡ್ಡಮ್ಮಾರ. ಎಸ್ಸಿ ಅಲ್ಲ."

ಅವನ ಮುತ್ತಜ್ಜ ಊರ ಹೊರಗಿನ ಕೇರಿಯಿಂದ ಬಂದು ಕ್ರೈಸ್ತರಾದವರು. ಮನೆ ಇನ್ನೂ ಅದೇ ಕೇರಿಯಲ್ಲಿದೆ. ಪಕ್ಕದ ಮನೆಯ ದೊಡ್ಡಪ್ಪನ ಮಕ್ಕಳು ಹಿಂದೂಗಳು, ಪರಿಶಿಷ್ಟ ಜಾತಿ. ಇವನಿಗೆ ಅದಿಲ್ಲ. 1950ರ ರಾಷ್ಟ್ರಪತಿ ಆದೇಶದ ಮೂರನೆಯ ಕಲಂ ಪ್ರಕಾರ ಪರಿಶಿಷ್ಟ ಜಾತಿ ಅನ್ನಿಸಿಕೊಳ್ಳಲು ಹಿಂದೂ ಆಗಿರಬೇಕಿತ್ತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿದರು. ಕ್ರೈಸ್ತರು, ಮುಸ್ಲಿಮರು ಹೊರಗೇ ಉಳಿದರು. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರನ್ನು ಹಿಂದುಳಿದ ವರ್ಗಗಳ ಪಟ್ಟಿಯ ಪ್ರವರ್ಗ ಒಂದರಲ್ಲಿ ಇಟ್ಟಿದ್ದಾರೆ, ಉಳಿದ ಕ್ರೈಸ್ತರನ್ನು 3ಬಿಯಲ್ಲಿ. ಪ್ರವರ್ಗ ಒಂದು ಸಿಕ್ಕರೂ ಮೀಸಲು ಕ್ಷೇತ್ರದಲ್ಲಿ ಚುನಾವಣೆಗೆ ನಿಲ್ಲುವಂತಿಲ್ಲ. ಜಾತಿ ಹೆಸರಿಟ್ಟು ಬೈದು ಹೊಡೆದರೂ ದೌರ್ಜನ್ಯ ತಡೆ ಕಾಯ್ದೆಯಲ್ಲಿ ದೂರು ಕೊಡುವಂತಿಲ್ಲ.

"ಚಹಾದಂಗಡಿಯವ ನನ್ನ ಸರ್ಟಿಫಿಕೇಟ್ ನೋಡಿ ಕಪ್ ಕೊಡತಾನೇನ್ರಿ?" ಅಂದ. ದನಿಯಲ್ಲಿ ಸಿಟ್ಟಿತ್ತು, ಆ ಸಿಟ್ಟು ಸರಿಯಾಗಿಯೇ ಇತ್ತು. ಆಮೇಲೆ ಇನ್ನೊಂದು ಮಾತು ಹೇಳಿದ. "ಸರ್ಕಾರದ್ದಿರಲಿ, ನಮ್ಮವರದ್ದೇ ನೋಡ್ರಿ. ಮದುವಿ ಮಾತು ಬಂದಾಗ ನಮ್ಮ ಸಭ್ಯಾಗೂ ಮೂಲ ಯಾವುದು ಅಂತ ಕೇಳತಾರ."

ಅದು ನಿಜ. ನಮ್ಮ ಹುಬ್ಬಳ್ಳಿಯಲ್ಲೂ ಕೇಳುತ್ತಾರೆ. ಒಂದೇ ಬಟ್ಟಲಿನಿಂದ ಕರ್ತನ ಭೋಜನ ತಗೊಂಡವರು, ಹೊರಗೆ ಬಂದು ಹೆಣ್ಣು ಕೊಡಲು ಹಿಂಜರಿಯುತ್ತಾರೆ. ಈ ಕೊಳೆಯನ್ನು ಮೊದಲು ತೊಳೆಯದೆ ದೆಹಲಿಯವರನ್ನು ನ್ಯಾಯ ಕೇಳುವಾಗ ನಮ್ಮ ದನಿ ಗಟ್ಟಿಯಾಗುವುದಾದರೂ ಹೇಗೆ? ಹಾಗಂತ ಕೇಳುವುದನ್ನು ನಿಲ್ಲಿಸುವ ಹಾಗೂ ಇಲ್ಲ. ದಲಿತ ಕ್ರೈಸ್ತರಿಗೂ ಪರಿಶಿಷ್ಟ ಜಾತಿಯ ಸ್ಥಾನ ಬೇಕು ಅನ್ನುವ ಅರ್ಜಿ ಸುಪ್ರೀಂ ಕೋರ್ಟಿನಲ್ಲಿ ಬಿದ್ದಿರುವುದು 2004ರಿಂದ. 2022ರಲ್ಲಿ ಇದನ್ನು ಪರಿಶೀಲಿಸಲು ಕೇಂದ್ರ ಸರ್ಕಾರ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ. ಜಿ. ಬಾಲಕೃಷ್ಣನ್ ಅವರ ಆಯೋಗ ಮಾಡಿತು. ಹುಡುಗನಿಗೆ ಅದರ ತಾರೀಕುಗಳೆಲ್ಲ ಬಾಯಿಪಾಠ.

"ಇಷ್ಟು ಮಂದಿಗೆ ಎಸ್ಸಿ ಸರ್ಟಿಫಿಕೇಟ್ ಅರ್ಜಿ ತುಂಬಿ ಕೊಡತೀಯಲ್ಲಪಾ, ಹೊಟ್ಟಿ ಉರಿಯೂದಿಲ್ಲೇನು?" ಅಂತ ತಮ್ಮ ಕೇಳಿದ.

"ಅವರಿಗೆ ಸಿಕ್ಕಿದ್ದಕ್ಕ ನನಗ ಸಿಕ್ಕಿಲ್ಲ ಅಂತೇನಿಲ್ಲಲ್ರೀ ಅಣ್ಣಾರ. ಅವರದು ಅವರಿಗೆ ಸಿಗಬೇಕು. ನಂದು ನನಗ ಸಿಗಬೇಕು."

ಚಿಕ್ಕಮ್ಮ ಚೀಲದಿಂದ ಡೈರಿ ತೆಗೆದಳು. ಇಂಥ ಮೇಜೊಂದನ್ನು ನಮ್ಮ ಸಭೆಯ ಪಡಸಾಲೆಯಲ್ಲಿ ಹಾಕಬೇಕಾದರೆ ಏನೇನು ಬೇಕು ಅಂತ ಕೇಳಿದಳು. ಅವನು ಹೇಳುತ್ತಾ ಹೋದ, ಆಕೆ ಬರೆದುಕೊಂಡಳು. ಸ್ಕ್ಯಾನ್ ಮಾಡುವ ಫೋನು, ಓಟಿಪಿ ಬರುವಷ್ಟು ನೆಟ್‌ವರ್ಕ್, ನಾಡಕಚೇರಿಯ ಸಮಯ, ಅರ್ಜಿ ಸಂಖ್ಯೆ ಬರೆದಿಡುವ ದಪ್ಪ ರಿಜಿಸ್ಟರು. ಭಾನುವಾರ ಆರಾಧನೆ ಮುಗಿದ ಮೇಲೆ ಹಾಕಿದರೆ ಸಭೆಯವರಷ್ಟೇ ಬರುತ್ತಾರೆ, ಸಂತೆಯ ದಿನ ಹಾಕಿದರೆ ಊರೆಲ್ಲ ಬರುತ್ತದೆ ಅಂತಲೂ ಹೇಳಿದ. ಚಿಕ್ಕಮ್ಮ ಸಂತೆಯ ದಿನ ಅಂತ ಬರೆದು ಕೆಳಗೆ ಗೆರೆ ಎಳೆದಳು.